ಗ್ಯಾಂಬಿಯಾದ ರಕ್ತರಸ: ಮಲೇರಿಯಾ ರೋಗಕ್ಷಮತೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

1961ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಕೋಹೆನ್, ಮೆಕ್‌ಗ್ರೆಗರ್, ಕ್ಯಾರಿಂಗ್‌ಟನ್ ಎಂಬ ಮೂವರ ಹೆಸರಿನಲ್ಲಿ ಕೆಲವೇ ಪುಟಗಳ ಒಂದು ಲೇಖನ ಪ್ರಕಟವಾಯಿತು. ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ಬಾಳಿ ಬೆಳೆದ ಪ್ರೌಢರ ರಕ್ತದಿಂದ ಬೇರ್ಪಡಿಸಿದ ಒಂದು ಪದಾರ್ಥವನ್ನು ಮಲೇರಿಯಾದಿಂದ ನರಳುತ್ತಿದ್ದ ಮಕ್ಕಳಿಗೆ ಚುಚ್ಚಿದಾಗ ಅವರ ರಕ್ತದಲ್ಲಿದ್ದ ರೋಗಾಣುಗಳು ಬಹುಮಟ್ಟಿಗೆ ಇಲ್ಲವಾದುವು ಎಂಬುದು ಅದರ ಸಾರಾಂಶ. ಅರವತ್ತು ವರ್ಷಗಳಿಗೂ ಮೇಲ್ಪಟ್ಟು ವಾದಗ್ರಸ್ತವಾಗಿದ್ದ ಒಂದು ಪ್ರಶ್ನೆಗೆ ಈ ಲೇಖನವು ಉತ್ತರ ಕೊಟ್ಟಿತು. ರೋಗಕ್ಷಮತಾ ಶಾಸ್ತ್ರದ ಗ್ರಂಥಗಳಲ್ಲಿ ಇದನ್ನು ಒಂದೆರಡು ವಾಕ್ಯಗಳಲ್ಲಿ ಉಲ್ಲೇಖಿಸಿ ಮುಂದೆ ಸಾಗುವುದು ವಾಡಿಕೆ. ವೈದ್ಯಶಾಸ್ತ್ರವು ನಮ್ಮ ವಿಷಯವಲ್ಲ. ಆದರೆ ಆ ಪ್ರಯೋಗವು ಲಂಡನ್ನಿನ ಯಾವುದೋ ಪ್ರಯೋಗಶಾಲೆಯಲ್ಲಿ ಹುಟ್ಟದೆ, ಆಹಾರದ ಕೊರತೆಯನ್ನು ಪರೀಕ್ಷಿಸಲೆಂದು ಹೋದವರು ಒಂದು ಹಳ್ಳಿಯಲ್ಲಿ ಬಹುಕಾಲ ನೆಲಸಿದ್ದರಿಂದ ಹೇಗೆ ಹುಟ್ಟಿತು, ಅದರ ಹಿಂದೆ ಆಡಳಿತಗಾರರನ್ನು ಕಾಡುತ್ತಿದ್ದ ಎಂತಹ ಪ್ರಶ್ನೆಯಿತ್ತು ಎಂಬುದು ಚರಿತ್ರೆಗೆ ಸೇರಿದ ವಿಷಯ. ಅದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮಲೇರಿಯಾ ಇರುವ ಸೀಮೆಯಲ್ಲಿ ಹುಟ್ಟಿ ಬೆಳೆದವನು ಅದನ್ನು ಹೇಗೋ ತಾಳಿಕೊಳ್ಳುತ್ತಾನೆ, ಹೊರಗಿನಿಂದ ಬಂದವನು ಹಾಸಿಗೆ ಹಿಡಿಯುತ್ತಾನೆ ಎಂಬ ಅನುಭವ ಬಹಳ ಹಳೆಯದು. ನಮ್ಮ ಮಲೆನಾಡಿನ ಚಳಿಜ್ವರದ ದಿನಗಳನ್ನು ಕಂಡ ಹಿರಿಯರಿಗೂ, ಹೊಟ್ಟೆಯ ಎಡಪಕ್ಕದಲ್ಲಿ ಕೈಗೆ ತಗಲುವಷ್ಟು ಬೆಳೆದ ಜ್ವರಗಡ್ಡೆಯ ಮಕ್ಕಳನ್ನು ಕಂಡವರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಅನುಭವವನ್ನು ಸೂಕ್ಷ್ಮದರ್ಶಕದ ಕೆಳಗೆ ತಂದವರು ಜರ್ಮನಿಯ ರಾಬರ್ಟ್ ಕಾಖ್ ಅವರು. 1899–1900ರಲ್ಲಿ ಅವರು ಜಾವಾ ದ್ವೀಪದಲ್ಲಿಯೂ ಆಗ ಜರ್ಮನರ ವಶದಲ್ಲಿದ್ದ ನ್ಯೂಗಿನಿಯಲ್ಲಿಯೂ ಸಂಚರಿಸಿ, ಊರೂರಿನಲ್ಲಿ ಎಲ್ಲ ವಯಸ್ಸಿನವರ ರಕ್ತವನ್ನು ಪರೀಕ್ಷಿಸಿದರು. ಮಲೇರಿಯಾ ಎಡೆಬಿಡದೆ ಇರುವ ಊರುಗಳಲ್ಲಿ ಹಸುಮಕ್ಕಳ ರಕ್ತದಲ್ಲಿ ರೋಗಾಣುಗಳು ತುಂಬಿದ್ದುವು. ವಯಸ್ಸು ಏರಿದಂತೆ ಅವು ವಿರಳವಾಗುತ್ತ ಹೋಗಿ ಪ್ರೌಢರಲ್ಲಿ ಅಪರೂಪವಾಗಿದ್ದುವು. ಪ್ರೌಢರ ಈ ಕ್ಷಮತೆ ಜನಾಂಗದಿಂದ ಬಂದುದಲ್ಲ, ಬಾಲ್ಯದಿಂದ ಮತ್ತೆ ಮತ್ತೆ ರೋಗಕ್ಕೆ ತುತ್ತಾಗಿ ಗಳಿಸಿಕೊಂಡದ್ದು ಎಂದು ಕಾಖ್ ನಿರ್ಣಯಿಸಿದರು. ಆ ಕಾಲದ ಯೂರೋಪಿನಲ್ಲಿ ಜನಾಂಗಗಳ ವಿಷಯವಾಗಿ ಪ್ರಚಲಿತವಾಗಿದ್ದ ಮಾತುಗಳನ್ನು ನೆನೆದರೆ ಈ ನಿರ್ಣಯದ ಬೆಲೆ ತಿಳಿಯುತ್ತದೆ.

ಭಾರತದಲ್ಲಿ ಇದೇ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ವಿವೇಚಿಸಿದವರು ಸರ್ ರಿಕರ್ಡ್ ಕ್ರಿಸ್ಟೋಫರ್ಸ್. ಸಿಂಗಭೂಮಿಯ ಆದಿವಾಸಿ ಜನರ ನಡುವೆ ನಡೆಸಿದ ಶೋಧನೆಯನ್ನು ಅವರು 1924ರಲ್ಲಿ ಪ್ರಕಟಿಸಿದರು. ಅವರು ರೋಗಾಣುಗಳ ಇರವು ಇಲ್ಲವುಗಳನ್ನು ಗುರುತಿಸಿದುದಷ್ಟೇ ಅಲ್ಲದೆ ಅವುಗಳ ಸಂಖ್ಯೆಯನ್ನು ಎಣಿಸಿ, ವಯಸ್ಸಿನೊಡನೆ ಹೋಲಿಸಿದರು. ಶೈಶವದ ಮೊದಲ ಕೆಲವು ವರ್ಷಗಳಲ್ಲಿ ಸಂಖ್ಯೆ ಶಿಖರಕ್ಕೇರುತ್ತದೆ. ಅನಂತರ ಇಳಿಯುತ್ತ ಬಂದು, ರೋಗಾಣು ಇದ್ದರೂ ಜ್ವರವಿಲ್ಲದ ಒಂದು ಸ್ಥಿತಿ ಏರ್ಪಡುತ್ತದೆ. ಇದೇ ದಶಕದಲ್ಲಿ ಆಲ್ಜೀರಿಯದಲ್ಲಿದ್ದ ಫ್ರೆಂಚ್ ವಿಜ್ಞಾನಿ ಎಡ್ಮಂಡ್ ಸೆರ್ಜೆಂಟ್ ಅವರು, ರೋಗಾಣು ದೇಹದಲ್ಲಿ ಸ್ವಲ್ಪವಾದರೂ ಉಳಿದಿರುವವರೆಗೆ ಮಾತ್ರ ನಿಲ್ಲುವ ಇಂತಹ ಕ್ಷಮತೆಗೆ ‘ಪ್ರೆಮ್ಯುನಿಷನ್’ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಸಿಡುಬು ಒಮ್ಮೆ ಬಂದು ಹೋದರೆ ಮತ್ತೆ ಬಾರದು, ಮಲೇರಿಯಾದಲ್ಲಿ ಹಾಗಲ್ಲ. ಶತ್ರು ಮನೆಯೊಳಗೇ ಇರುತ್ತಾನೆ, ಆದರೆ ತಣ್ಣಗಿರುತ್ತಾನೆ.

ಹೀಗಿರುವಾಗ, ಈ ಕ್ಷಮತೆ ದೇಹದಲ್ಲಿ ಎಲ್ಲಿ ನೆಲಸಿದೆ? ಗುಲ್ಮ, ಪಿತ್ತಜನಕಾಂಗ ಮೊದಲಾದ ಅಂಗಗಳಲ್ಲಿರುವ ಭಕ್ಷಕ ಕಣಗಳು ರೋಗಾಣುಗಳನ್ನು ನುಂಗುವುದರಿಂದ ಬರುವುದೇ, ಅಥವಾ ರಕ್ತದ ದ್ರವಭಾಗದಲ್ಲಿ ಕರಗಿರುವ ಪ್ರತಿಕಾಯಗಳಿಂದ ಬರುವುದೇ? ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ವಿಲಿಯಂ ಟ್ಯಾಲಿಯಾಫೆರೊ ಅವರು ಪಕ್ಷಿಗಳ ಮತ್ತು ಮಂಗಗಳ ಮಲೇರಿಯಾದಲ್ಲಿ ಭಕ್ಷಕ ಕಣಗಳ ಪಾತ್ರವನ್ನು ಬಹುವಾಗಿ ವಿವರಿಸಿದ್ದರು. ಅವರ ಗ್ರಂಥಗಳ ಪ್ರಭಾವ ದೊಡ್ಡದು. ಆದರೆ 1937ರಲ್ಲಿ ಕಾಗೆಷಾಲ್ ಮತ್ತು ಕುಮ್ ಎಂಬವರು, ದೀರ್ಘಕಾಲ ರೋಗವನ್ನು ತಾಳಿಕೊಂಡ ಮಂಗಗಳ ರಕ್ತರಸವನ್ನು ಬೇರೆ ಮಂಗಗಳಿಗೆ ಕೊಟ್ಟು ಒಂದಿಷ್ಟು ರಕ್ಷಣೆಯನ್ನು ತೋರಿಸಿಕೊಟ್ಟರು. ಅವರು ಬಳಸಿದ ಪ್ಲಾಸ್ಮೋಡಿಯಂ ನೋಲೆಸಿ ಎಂಬ ಪರೋಪಜೀವಿಯನ್ನು ಕೆಲವೇ ವರ್ಷಗಳ ಹಿಂದೆ ಕಲ್ಕತ್ತೆಯಲ್ಲಿ ನೋಲ್ಸ್ ಮತ್ತು ದಾಸಗುಪ್ತ ಅವರು ಪರಿಶೀಲಿಸಿ 1932ರಲ್ಲಿ ವರ್ಣಿಸಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ಮಂಗಗಳಲ್ಲಿ ದೊರೆತ ಫಲ ಮನುಷ್ಯನಿಗೂ ಅನ್ವಯಿಸುವುದೇ ಎಂಬುದು ಮಾತ್ರ ಸಂದೇಹಾಸ್ಪದವಾಗಿಯೇ ಉಳಿಯಿತು.

ಇದು ಪಂಡಿತರ ವಾದವಾಗಿಯೇ ಉಳಿದಿದ್ದರೆ ಅದಕ್ಕೆ ಅಷ್ಟು ತೀಕ್ಷ್ಣತೆ ಬರುತ್ತಿರಲಿಲ್ಲ. ಎರಡನೆಯ ಮಹಾಯುದ್ಧವು ಡಿ.ಡಿ.ಟಿ. ಮತ್ತು ಕ್ಲೋರೋಕ್ವಿನ್ ಎಂಬ ಎರಡು ಆಯುಧಗಳನ್ನು ಕೈಗಿತ್ತಿತ್ತು. ಇವುಗಳನ್ನು ಆಫ್ರಿಕದ ಉಷ್ಣವಲಯದಲ್ಲಿ ಪ್ರಯೋಗಿಸಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಿತು. ಬೇಡವೆನ್ನುವವರೂ ಇದ್ದರು ಎಂಬುದು ಇಂದಿನ ಓದುಗರಿಗೆ ವಿಚಿತ್ರವಾಗಿ ಕಾಣಬಹುದು. ಬ್ಯಾಗ್‌ಸ್ಟರ್ ವಿಲ್ಸನ್, ಗಾರ್ನ್‌ಹ್ಯಾಮ್, ಸ್ವೆಲ್ಲೆನ್‌ಗ್ರೆಬೆಲ್ ಎಂಬ ಮೂವರು ಅನುಭವಿಗಳು 1950ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ತಮ್ಮ ಶಂಕೆಯನ್ನು ಮುಂದಿಟ್ಟರು. ಅಲ್ಲಿಯ ಪ್ರೌಢರು ಬಾಲ್ಯದಲ್ಲಿ ದೊಡ್ಡ ಬೆಲೆ ತೆತ್ತು ಒಂದು ರಕ್ಷಣೆಯನ್ನು ಗಳಿಸಿಕೊಂಡಿದ್ದಾರೆ. ಅರೆಬರೆಯಾದ ನಿಯಂತ್ರಣದಿಂದ ಈ ರಕ್ಷಣೆಯನ್ನು ಸಡಿಲಿಸಿ, ಮುಂದೆ ಹಣವೋ ಉತ್ಸಾಹವೋ ತೀರಿದಾಗ ಕೈಬಿಟ್ಟರೆ, ಕ್ಷಮತೆಯಿಲ್ಲದ ಇಡೀ ಜನಸಮೂಹವನ್ನು ರೋಗದ ಬಾಯಿಗೆ ಒಡ್ಡಿದಂತಾಗದೆ? ಅದೇ ವರ್ಷದ ಕೊನೆಯಲ್ಲಿ ಉಗಾಂಡದ ಕಂಪಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕರೆದ ಮಲೇರಿಯಾ ಸಮ್ಮೇಳನದಲ್ಲಿ ಈ ವಾದವು ಎದುರೆದುರಾಗಿ ನಡೆಯಿತು. ಪ್ರತಿಪಕ್ಷದಲ್ಲಿ ನಿಂತವರಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಪ್ರಮುಖರು. ರೋಗದ ಪ್ರಮಾಣ ಎಷ್ಟೇ ಇದ್ದರೂ ಸಾಧ್ಯವಾದಷ್ಟು ಬೇಗ ಆಧುನಿಕ ವಿಧಾನಗಳಿಂದ ಅದನ್ನು ನಿಯಂತ್ರಿಸಬೇಕೆಂದು ಸಮ್ಮೇಳನವು ತೀರ್ಮಾನಿಸಿತು. ತೀರ್ಮಾನವೇನೋ ಆಯಿತು. ಆದರೆ ಎರಡು ಪಕ್ಷಗಳಿಗೂ ಒಂದು ಮುಖ್ಯ ವಿಷಯ ತಿಳಿದಿರಲಿಲ್ಲ: ಇಷ್ಟೆಲ್ಲ ವಾದಕ್ಕೆ ಕಾರಣವಾದ ಆ ‘ರಕ್ಷಣೆ’ ಎಂಬುದು ವಸ್ತುತಃ ಏನು?

ಗ್ಯಾಂಬಿಯಾ ಒಂದು ವಿಲಕ್ಷಣ ಆಕಾರದ ದೇಶ. ಅದೇ ಹೆಸರಿನ ನದಿಯ ಎರಡು ದಡಗಳನ್ನು ಅಪ್ಪಿಕೊಂಡು, ಸಮುದ್ರದ ಕಡೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಸೆನೆಗಾಲಿನಿಂದ ಸುತ್ತುವರಿದ ಒಂದು ಸಣ್ಣ ಪಟ್ಟಿ. 1965ರವರೆಗೆ ಅದು ಬ್ರಿಟಿಷರ ಅಧೀನದಲ್ಲಿತ್ತು. ಯುದ್ಧಕಾಲದಲ್ಲಿ ಸಮುದ್ರತೀರದ ಫಜಾರದಲ್ಲಿದ್ದ ಸೈನಿಕ ಆಸ್ಪತ್ರೆಯ ನೆಲೆಯನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ಯುದ್ಧಾನಂತರ ವಹಿಸಿಕೊಂಡಿತು. ಅಲ್ಲಿಗೆ ಸಂಶೋಧಕರನ್ನು ಕಳುಹಿಸಿದ ಉದ್ದೇಶ ಮಲೇರಿಯಾ ಅಲ್ಲ, ಆಹಾರಪೋಷಣೆ. ಪ್ರೊಫೆಸರ್ ಪ್ಲಾಟ್ ಅವರ ನೇತೃತ್ವದ ಮಾನವ ಪೋಷಣ ವಿಭಾಗವು ಸ್ಕಾಟ್ಲೆಂಡಿನ ತರುಣ ವೈದ್ಯರಾದ ಇಯಾನ್ ಮೆಕ್‌ಗ್ರೆಗರ್ ಅವರನ್ನು 1949ರಲ್ಲಿ ನೇಮಿಸಿಕೊಂಡಿತು. 1922ರಲ್ಲಿ ಹುಟ್ಟಿ, ಗ್ಲ್ಯಾಸ್ಗೋದಲ್ಲಿ ಓದಿ, ಸೈನ್ಯದ ವೈದ್ಯಕೀಯ ದಳದಲ್ಲಿ ಸೇವೆ ಸಲ್ಲಿಸಿದ್ದ ಅವರಿಗೆ ಆಗ ಇಪ್ಪತ್ತೇಳು ವರ್ಷ.

ನದಿಯ ದಕ್ಷಿಣ ದಡದ ಪಶ್ಚಿಮ ಕಿಯಾಂಗ್ ಪ್ರಾಂತದಲ್ಲಿ ಕೆನೆಬಾ ಎಂಬ ಹಳ್ಳಿಯಿದೆ. ಅಲ್ಲಿಯ ಮಂಡಿಂಕ ಜನರು ಬತ್ತ, ಸಜ್ಜೆ, ಕಡಲೆಕಾಯಿಗಳನ್ನು ಬೆಳೆಯುವ ರೈತರು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ. ಉಳಿದ ತಿಂಗಳುಗಳೆಲ್ಲ ಒಣಗಾಲ. ಹಳೆಯ ಧಾನ್ಯ ಮುಗಿದು ಹೊಸದು ಬಾರದ ಮಳೆಗಾಲವೇ ಹಸಿವಿನ ಕಾಲ, ಹೊಲದ ದುಡಿಮೆಯ ಕಾಲ. ಮಳೆ ಮುಗಿಯುವ ಹೊತ್ತಿಗೆ ಅದೇ ಜ್ವರದ ಕಾಲವೂ ಆಗುತ್ತದೆ. ಮೆಕ್‌ಗ್ರೆಗರ್ ಮತ್ತು ಅವರ ಸಹೋದ್ಯೋಗಿ ಸ್ಮಿತ್ ಇಲ್ಲಿ ಪ್ರತಿಯೊಬ್ಬ ನಿವಾಸಿಯನ್ನೂ ಪರೀಕ್ಷಿಸಿ 1952ರಲ್ಲಿ ತಮ್ಮ ವರದಿಯನ್ನು ಹೊರತಂದರು. ಅವರು ಹುಡುಕಲು ಹೋದುದು ಆಹಾರದ ಕೊರತೆಯನ್ನು. ಕಂಡುದು ಪರೋಪಜೀವಿಗಳ ಒಂದು ಸಂತೆಯನ್ನು. ಮಲೇರಿಯಾ, ಆನೆಕಾಲಿಗೆ ಕಾರಣವಾದ ಫೈಲೇರಿಯಾ, ಕರುಳಿನ ಹುಳುಗಳು ಎಲ್ಲವೂ ಅಲ್ಲಿದ್ದುವು. ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಐದು ವರ್ಷ ತುಂಬುವುದರೊಳಗಾಗಿ ಸಾಯುತ್ತಿದ್ದುವು. ಕಾಖ್ ಮತ್ತು ಕ್ರಿಸ್ಟೋಫರ್ಸರ ಕೋಷ್ಟಕಗಳಲ್ಲಿ ವಯಸ್ಸಿನೊಡನೆ ಇಳಿಯುವ ಅಂದವಾದ ರೇಖೆಯ ಹಿಂದೆ ಇದ್ದುದು ಇದೇ. ಪ್ರೌಢರ ಕ್ಷಮತೆಯೆಂದರೆ ಬದುಕಿ ಉಳಿದವರ ಕ್ಷಮತೆ. ಕಂಪಾಲದ ವಾದದಲ್ಲಿ ‘ಬೆಲೆ’ ಎಂಬ ಮಾತನ್ನು ಆಡಿದವರು ಇದನ್ನು ಅರಿಯದವರೇನಲ್ಲ. ಆದರೆ ಒಂದು ಹಳ್ಳಿಯ ಹೆಸರುಪಟ್ಟಿಯನ್ನು ಕೈಯಲ್ಲಿ ಹಿಡಿದು ವರ್ಷಕ್ಕೊಮ್ಮೆ ಕೂಗಿದಾಗ ಅರಿಯುವ ಬಗೆಯೇ ಬೇರೆ.

ಮೆಕ್‌ಗ್ರೆಗರ್ ಮತ್ತು ಅವರೊಡನೆ ಸೇರಿದ ಹರ್ಬರ್ಟ್ ಗಿಲ್ಸ್ ಮೊದಲಾದವರು ಕೆನೆಬಾದ ಶಿಶುಗಳಲ್ಲಿ ಕೆಲವರಿಗೆ ಹುಟ್ಟಿದಂದಿನಿಂದ ವಾರಕ್ಕೊಮ್ಮೆ ಕ್ಲೋರೋಕ್ವಿನ್ ಕೊಟ್ಟು ಮಲೇರಿಯಾ ತಗಲದಂತೆ ಕಾಪಾಡಿದರು. ಇತರ ಶಿಶುಗಳನ್ನು ಹೋಲಿಕೆಗಾಗಿ ಗಮನಿಸುತ್ತ ಹೋದರು. 1956ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಖ್ಯ ಉದ್ದೇಶ ಮಲೇರಿಯಾವು ಮಕ್ಕಳ ಬೆಳವಣಿಗೆಯ ಮೇಲೆ ಮಾಡುವ ಪರಿಣಾಮವನ್ನು ತಿಳಿಯುವುದಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಎಳೆಯೂ ಇತ್ತು. ಸ್ವೀಡನ್ನಿನ ಟಿಸೀಲಿಯಸ್ ಅವರು 1937ರಲ್ಲಿ ವಿದ್ಯುತ್ಪ್ರವಾಹದ ಸಹಾಯದಿಂದ ರಕ್ತರಸದ ಪ್ರೋಟೀನುಗಳನ್ನು ಬೇರ್ಪಡಿಸುವ ವಿಧಾನವನ್ನು ತೋರಿಸಿಕೊಟ್ಟ ಮೇಲೆ, ಅವುಗಳಲ್ಲಿ ಗಾಮಾ ಗ್ಲಾಬ್ಯುಲಿನ್ ಎಂಬ ಭಾಗದಲ್ಲಿಯೇ ಪ್ರತಿಕಾಯಗಳಿರುತ್ತವೆಂದು ತಿಳಿದುಬಂದಿತ್ತು. ಆಫ್ರಿಕದ ಜನರಲ್ಲಿ ಈ ಭಾಗ ಯೂರೋಪಿನವರಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿರುವುದನ್ನು ಹಲವರು ಕಂಡಿದ್ದರು. ಆದರೆ ಅದಕ್ಕೆ ಕಾರಣ? ಜನಾಂಗದ ಸ್ವಭಾವವೆಂದರು ಕೆಲವರು. ಆಹಾರದ ದೋಷದಿಂದ ಪಿತ್ತಜನಕಾಂಗ ಕೆಟ್ಟಿರುವುದರಿಂದ ಎಂದರು ಇನ್ನು ಕೆಲವರು. ಕ್ಲೋರೋಕ್ವಿನ್ ಪಡೆದ ಮಕ್ಕಳ ರಕ್ತವನ್ನು ಪಡೆಯದವರ ರಕ್ತದೊಡನೆ ಹೋಲಿಸಿ ನೋಡಿದಾಗ, ರೋಗದಿಂದ ಕಾಪಾಡಲ್ಪಟ್ಟವರಲ್ಲಿ ಗಾಮಾ ಗ್ಲಾಬ್ಯುಲಿನ್ ಕಡಿಮೆಯಿತ್ತು. ಹಳ್ಳಿ ಒಂದೇ, ಜನಾಂಗ ಒಂದೇ, ಊಟವೂ ಒಂದೇ. ವ್ಯತ್ಯಾಸವಿದ್ದುದು ಮಲೇರಿಯಾ ಒಂದರಲ್ಲಿ. ಗಿಲ್ಸ್ ಮತ್ತು ಮೆಕ್‌ಗ್ರೆಗರ್ 1959–60ರಲ್ಲಿ ಇದನ್ನು ಎರಡು ಲೇಖನಗಳಲ್ಲಿ ಪ್ರಕಟಿಸಿದರು. ನಮ್ಮ ಅಭಿಪ್ರಾಯದಲ್ಲಿ 1961ರ ಪ್ರಯೋಗದ ನಿಜವಾದ ಆರಂಭ ಇಲ್ಲಿದೆ. ಪೋಷಣೆಯ ಕೊರತೆಯ ಲಕ್ಷಣವೆಂದು ಬರೆದಿಟ್ಟುಕೊಂಡಿದ್ದ ಒಂದು ಅಂಕಿಯು ರಕ್ಷಣೆಯ ಲಕ್ಷಣವಿರಬಹುದೆಂಬ ಸಂಶಯ ಇಲ್ಲಿಯೇ ಮೊಳೆಯಿತು.

ಸಂಶಯವನ್ನು ಪರೀಕ್ಷೆಗೆ ಒಡ್ಡಲು ಪ್ರೋಟೀನುಗಳನ್ನು ಶುದ್ಧವಾಗಿ ಬೇರ್ಪಡಿಸಬಲ್ಲ ರಸಾಯನಜ್ಞನೊಬ್ಬನು ಬೇಕಾಗಿತ್ತು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸಮಾಡುತ್ತಿದ್ದ ಸಿಡ್ನಿ ಕೋಹೆನ್ ಅಂತಹವರು. ಪ್ರತಿಕಾಯದ ಅಣುರಚನೆಗಾಗಿ 1972ರಲ್ಲಿ ನೊಬೆಲ್ ಬಹುಮಾನ ಪಡೆದ ರಾಡ್ನಿ ಪೋರ್ಟರ್ ಅವರೊಡನೆಯೂ ಅವರು ಕೆಲಸಮಾಡಿದರು. ಹಳ್ಳಿಯ ವೈದ್ಯನೂ ಅಣುರಚನೆಯ ತಜ್ಞನೂ ಹೀಗೆ ಒಂದೆಡೆ ಸೇರಿದುದು ಆ ಕಾಲದಲ್ಲಿ ಸಾಮಾನ್ಯವಲ್ಲ. ಅವರು ಮೊದಲು ಗ್ಯಾಂಬಿಯಾದ ಪ್ರೌಢರ ದೇಹವು ಗಾಮಾ ಗ್ಲಾಬ್ಯುಲಿನ್ನನ್ನು ಯೂರೋಪಿನವರಿಗಿಂತ ಹಲವು ಪಟ್ಟು ವೇಗವಾಗಿ ತಯಾರಿಸುತ್ತದೆಂದು ತೋರಿಸಿದರು. ಆ ಬಳಿಕ, ಬಾಲ್ಯದ ಮಲೇರಿಯಾವನ್ನು ದಾಟಿ ಬಂದ ಪ್ರೌಢರ ರಕ್ತದಿಂದ ಈ ಭಾಗವನ್ನು ಶುದ್ಧೀಕರಿಸಿ, ಫಾಲ್ಸಿಪೇರಂ ಮಲೇರಿಯಾ ತೀವ್ರವಾಗಿದ್ದ ಹನ್ನೆರಡು ಮಕ್ಕಳಿಗೆ ಮೂರು ದಿನಗಳಲ್ಲಿ ಹಲವು ಸಲ ಮಾಂಸಖಂಡಕ್ಕೆ ಚುಚ್ಚಿದರು. ನಾಲ್ಕನೆಯ ದಿನದ ಹೊತ್ತಿಗೆ ರಕ್ತದಲ್ಲಿ ರೋಗಾಣುಗಳ ಸಂಖ್ಯೆ ತೀವ್ರವಾಗಿ ಇಳಿದು, ಮುಂದಿನ ದಿನಗಳಲ್ಲಿ ಅತ್ಯಲ್ಪವಾಯಿತು, ಜ್ವರವೂ ಇಳಿಯಿತು.

ಇಷ್ಟರಿಂದಲೇ ಸಿದ್ಧಾಂತಕ್ಕೆ ಬರುವಂತಿರಲಿಲ್ಲ. ಮಕ್ಕಳ ಮಲೇರಿಯಾ ತಾನಾಗಿಯೂ ಇಳಿಯಬಲ್ಲುದು. ಯಾವ ಪ್ರೋಟೀನು ಚುಚ್ಚಿದರೂ ಹೀಗಾಗುತ್ತದೆಂದು ಯಾರಾದರೂ ಆಕ್ಷೇಪಿಸಬಹುದು. ಆದುದರಿಂದ ಬೇರೆ ಮಕ್ಕಳಿಗೆ ಮಲೇರಿಯಾವನ್ನೇ ಕಾಣದ ಬ್ರಿಟನ್ನಿನ ಜನರ ಗಾಮಾ ಗ್ಲಾಬ್ಯುಲಿನ್ನನ್ನು ಕೊಟ್ಟು ನೋಡಿದರು: ರೋಗಾಣುಗಳು ಇಳಿಯಲಿಲ್ಲ. ಗ್ಯಾಂಬಿಯಾದವರದೇ ರಕ್ತರಸದಿಂದ ಗಾಮಾ ಗ್ಲಾಬ್ಯುಲಿನ್ನನ್ನು ತೆಗೆದು, ಉಳಿದ ಭಾಗವನ್ನು ಕೊಟ್ಟರು: ಆಗಲೂ ಇಳಿಯಲಿಲ್ಲ. ಪ್ರಯೋಗದ ತೂಕವೆಲ್ಲ ಈ ಎರಡು ಹೋಲಿಕೆಗಳಲ್ಲಿದೆ. ಗುಣವು ಪ್ರೋಟೀನಿನದಲ್ಲ, ಆಫ್ರಿಕದ ರಕ್ತರಸ ಮಾತ್ರದ್ದೂ ಅಲ್ಲ. ಮಲೇರಿಯಾವನ್ನು ಅನುಭವಿಸಿದ ದೇಹವು ತಯಾರಿಸಿದ ಪ್ರತಿಕಾಯದ್ದು. ಮರುವರ್ಷ ನೈಜೀರಿಯದಲ್ಲಿ ಎಡೋಜಿಯನ್, ಗಿಲ್ಸ್, ಉಡಿಯೋಜೊ ಎಂಬವರು ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಿಂದ ತೆಗೆದ ಗಾಮಾ ಗ್ಲಾಬ್ಯುಲಿನ್ನೂ ಇದೇ ಕೆಲಸ ಮಾಡುವುದನ್ನು ಕಂಡರು. ತಾಯಿಯ ರಕ್ಷಣೆ ಗರ್ಭದಲ್ಲಿಯೇ ಮಗುವಿಗೆ ಸಾಗುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳು ಶಿಶುಗಳಲ್ಲಿ ಮಲೇರಿಯಾ ಸೌಮ್ಯವಾಗಿರುವುದೇಕೆ ಎಂಬುದಕ್ಕೆ ಇದರಿಂದ ಒಂದು ಸಮಾಧಾನ ದೊರೆಯಿತು. 1963ರಲ್ಲಿ ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್‌ಟನ್ ಪಶ್ಚಿಮ ಆಫ್ರಿಕದ ಗಾಮಾ ಗ್ಲಾಬ್ಯುಲಿನ್ನು ಖಂಡದ ಇನ್ನೊಂದು ಅಂಚಿನ ಪೂರ್ವ ಆಫ್ರಿಕದ ಮಕ್ಕಳಲ್ಲಿಯೂ ಫಲಕಾರಿಯಾದುದನ್ನು ವರದಿ ಮಾಡಿದರು.

ಗಮನಾರ್ಹವಾದ ಇನ್ನೊಂದು ವಿವರವುಂಟು. ಚುಚ್ಚುಮದ್ದು ಕೊಟ್ಟೊಡನೆ ರೋಗಾಣುಗಳು ಸಾಯಲಿಲ್ಲ. ಕೆಂಪು ರಕ್ತಕಣಗಳ ಒಳಗೆ ಆಗಲೇ ಸೇರಿಕೊಂಡಿದ್ದವು ಬೆಳೆಯುತ್ತಲೇ ಇದ್ದುವು. ಆದರೆ ಅವು ಬಲಿತು ಕಣವನ್ನು ಒಡೆದು ಹೊರಬಂದ ಮರಿಗಳು ಹೊಸ ಕಣಗಳನ್ನು ಹೊಗುವುದರಲ್ಲಿ ವಿಫಲವಾದಂತೆ ತೋರಿತು. ಸೊಳ್ಳೆಗೆ ದಾಟಬೇಕಾದ ಲೈಂಗಿಕ ರೂಪಗಳ ಮೇಲೆಯೂ ಪರಿಣಾಮ ಕಾಣಲಿಲ್ಲ. ಪ್ರತಿಕಾಯವು ಕಣದೊಳಗಿನ ಶತ್ರುವನ್ನು ಮುಟ್ಟಲಾರದು, ಒಂದು ಕಣದಿಂದ ಇನ್ನೊಂದಕ್ಕೆ ನೆಗೆಯುವ ಕ್ಷಣದಲ್ಲಿ ಮಾತ್ರ ಹಿಡಿಯಬಲ್ಲುದು ಎಂಬ ಈ ಊಹೆಯನ್ನು ಕೋಹೆನ್ ಮತ್ತು ಬುಚರ್ 1970ರ ಸುಮಾರಿನಲ್ಲಿ ನೋಲೆಸಿ ರೋಗಾಣುವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಸ್ಥಿರಪಡಿಸಿದರು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಸಲ್ಲದು. ಕೆನೆಬಾದ ಶಿಶುಗಳಲ್ಲಿ ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಬರಿಯ ಅವಲೋಕನ ಎಂಬ ವಿಭಾಗವನ್ನು ಇಂದಿನ ಯಾವ ನೀತಿ ಸಮಿತಿಯೂ ಸುಲಭವಾಗಿ ಒಪ್ಪಲಾರದು. 1961ರಲ್ಲಿಯೂ ಕ್ಲೋರೋಕ್ವಿನ್ ಕೈಯಲ್ಲಿದ್ದಾಗ, ರೋಗಾಣುಗಳ ಎಣಿಕೆಗಾಗಿ ಅದನ್ನು ಕೆಲವು ದಿನ ತಡೆಹಿಡಿಯದೆ ಆ ಪ್ರಯೋಗ ಸಾಧ್ಯವಿರಲಿಲ್ಲ. ಅಧೀನ ದೇಶವೊಂದರಲ್ಲಿ, ಓದುಬರಹವಿಲ್ಲದ ತಂದೆತಾಯಿಗಳ ಮಕ್ಕಳ ಮೇಲೆ ಇದು ನಡೆಯಿತೆಂಬುದನ್ನು ಚರಿತ್ರಕಾರನು ಮರೆಯಲಾಗದು. ಆ ಕಾಲದ ಅಳತೆಗೋಲು ಬೇರೆಯಾಗಿತ್ತೆಂಬ ಸಮಾಧಾನವನ್ನು ನಾವು ಅರ್ಧಮನಸ್ಸಿನಿಂದ ಮಾತ್ರ ಒಪ್ಪುತ್ತೇವೆ. ಅದೇ ಸಮಯದಲ್ಲಿ ಇನ್ನೊಂದು ಸಂಗತಿಯನ್ನೂ ಗಣಿಸಬೇಕು. ಮೆಕ್‌ಗ್ರೆಗರ್ ಒಂದೆರಡು ಋತುಗಳಲ್ಲಿ ರಕ್ತದ ಮಾದರಿಗಳನ್ನು ತುಂಬಿಕೊಂಡು ಹಡಗು ಹತ್ತಿದವರಲ್ಲ. 1954ರಿಂದ ಎರಡು ದಶಕಗಳ ಕಾಲ ಫಜಾರದ ಪ್ರಯೋಗಶಾಲೆಯ ನಿರ್ದೇಶಕರಾಗಿ ನಿಂತು, ಅದೇ ಹಳ್ಳಿಗಳಿಗೆ ವರ್ಷವರ್ಷವೂ ಮರಳಿದರು. ಜನನ ಮರಣಗಳ ಆ ದಾಖಲೆ ಅವರ ಅನಂತರವೂ ನಿಲ್ಲಲಿಲ್ಲ. 1974ರಿಂದ ಕೆನೆಬಾದಲ್ಲಿಯೇ ವೈದ್ಯರು ನೆಲೆನಿಂತ ಮೇಲೆ ಮಕ್ಕಳ ಮರಣ ಬಹುಮಟ್ಟಿಗೆ ಇಳಿಯಿತು. ಆದರೂ ಆ ಪ್ರಖ್ಯಾತ ರಕ್ತರಸವನ್ನು ಕೊಟ್ಟ ಪ್ರೌಢರು ಯಾರೆಂಬುದು ಲೇಖನದಲ್ಲಿ ಇಲ್ಲ. ವಿಜ್ಞಾನದ ಲೇಖನಗಳ ಪದ್ಧತಿ ಅದು, ಇರಬೇಕಾದುದೂ ಹಾಗೆಯೇ. ಬಹುಮಾನ, ಬಿರುದುಗಳ ಲೆಕ್ಕದಲ್ಲಿ ಅವರು ಸೇರುವುದಿಲ್ಲವೆಂಬುದನ್ನಷ್ಟೇ ಇಲ್ಲಿ ಗುರುತಿಸುತ್ತೇವೆ.

ಮೆಕ್‌ಗ್ರೆಗರ್ ಅವರ ಮುಂದಿನ ಕೆಲಸದಲ್ಲಿ ನಮಗೆ ಅತ್ಯಂತ ಮುಖ್ಯವಾಗಿ ಕಾಣುವುದು ಗರ್ಭಿಣಿಯರ ವಿಷಯ. ಪ್ರೌಢೆಯಾದ ಮೇಲೆ ಮಲೇರಿಯಾವನ್ನು ಲಕ್ಷಿಸದೆ ದುಡಿಯುತ್ತಿದ್ದ ಹೆಣ್ಣು ಚೊಚ್ಚಲ ಬಸಿರಿನಲ್ಲಿ ಮತ್ತೆ ಅದಕ್ಕೆ ಸುಲಭವಾಗಿ ತುತ್ತಾಗುತ್ತಾಳೆ. ಗ್ಯಾಂಬಿಯಾದ ಆರು ಸಾವಿರಕ್ಕೂ ಮೇಲ್ಪಟ್ಟ ಹೆರಿಗೆಗಳಲ್ಲಿ ಮಾಸನ್ನು ಪರೀಕ್ಷಿಸಿ ಅವರೂ ಅವರ ಸಹೋದ್ಯೋಗಿಗಳೂ 1983ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಐದರಲ್ಲಿ ಒಂದು ಮಾಸಿನಲ್ಲಿ ಮಲೇರಿಯಾ ಇತ್ತು. ಅಂತಹ ತಾಯಂದಿರ ಶಿಶುಗಳ ತೂಕ ಸರಾಸರಿ ಸುಮಾರು 170 ಗ್ರಾಂ ಕಡಿಮೆಯಿತ್ತು. ಕೆನೆಬಾದಲ್ಲಿ ಆಹಾರದ ಕೊರತೆಯನ್ನು ಹುಡುಕಲು ಹೊರಟಿದ್ದ ವೈದ್ಯನು ಮೂವತ್ತು ವರ್ಷಗಳ ಮೇಲೆ ಶಿಶುವಿನ ತೂಕಕ್ಕೇ ಮರಳಿ ಬಂದುದನ್ನು ಇಲ್ಲಿ ಕಾಣುತ್ತೇವೆ. ಇಷ್ಟು ಬಲವಾದ ಕ್ಷಮತೆ ಬಸಿರಿನಲ್ಲಿ ಏಕೆ ಸೋಲುತ್ತದೆಂಬುದಕ್ಕೆ ಉತ್ತರದ ಮುಖ್ಯ ಭಾಗ 1996ರಲ್ಲಿ ದೊರೆಯಿತು. ಮಾಸಿನಲ್ಲಿರುವ ಕಾಂಡ್ರಾಯಿಟಿನ್ ಸಲ್ಫೇಟ್ ಎಂಬ ವಸ್ತುವಿಗೆ ಅಂಟಿಕೊಳ್ಳಬಲ್ಲ ಒಂದು ಬಗೆಯ ರೋಗಾಣುಗಳನ್ನು ಫ್ರೀಡ್ ಮತ್ತು ಡಫಿ ಗುರುತಿಸಿದರು. ಬಸಿರಿಗೆ ಮುಂಚೆ ದೇಹದಲ್ಲಿ ಆ ನೆಲೆಯೇ ಇಲ್ಲದಿರುವುದರಿಂದ, ಆ ಬಗೆಯ ಶತ್ರುವಿನ ಪರಿಚಯವೂ ದೇಹಕ್ಕೆ ಆಗಿರುವುದಿಲ್ಲ. ಒಂದೆರಡು ಬಸಿರುಗಳಾದ ಮೇಲೆ ಆ ಪರಿಚಯವೂ ಆಗಿ, ಪ್ರತಿಕಾಯಗಳು ಹುಟ್ಟುತ್ತವೆ.

ಕ್ಷಮತೆ ನಿಧಾನವಾಗಿ, ಹಲವು ವರ್ಷಗಳ ಮೇಲೆ ಏಕೆ ಕೂಡಿಬರುತ್ತದೆಂಬುದಕ್ಕೂ ಇಂತಹದೇ ಉತ್ತರ. 1965ರಲ್ಲಿ ಬ್ರೌನ್ ಮತ್ತು ಬ್ರೌನ್ ಎಂಬ ಇಬ್ಬರು ಮಂಗಗಳ ಮಲೇರಿಯಾದಲ್ಲಿ ರೋಗಾಣುವು ತನ್ನ ಹೊರವೇಷವನ್ನು ಮತ್ತೆ ಮತ್ತೆ ಬದಲಿಸುವುದನ್ನು ತೋರಿಸಿದರು. 1995ರಲ್ಲಿ ಫಾಲ್ಸಿಪೇರಂ ರೋಗಾಣುವಿನಲ್ಲಿ ಈ ವೇಷಗಳಿಗೆ ಕಾರಣವಾದ ಜೀನುಗಳ ಕುಟುಂಬ ಪತ್ತೆಯಾಯಿತು. ಒಂದು ರೋಗಾಣುವಿನಲ್ಲಿಯೇ ಅಂತಹ ಜೀನುಗಳು ಸುಮಾರು ಅರವತ್ತು. ಕೆನೆಬಾದ ಮಗು ಪ್ರತಿ ಮಳೆಗಾಲದಲ್ಲಿಯೂ ಒಂದೆರಡು ವೇಷಗಳನ್ನು ಗುರುತಿಸಲು ಕಲಿಯುತ್ತಿತ್ತೆಂದು ಊಹಿಸಿದರೆ ಕ್ರಿಸ್ಟೋಫರ್ಸರ ಇಳಿಯುವ ರೇಖೆಯ ಅರ್ಥ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಇಲ್ಲಿ ಟ್ಯಾಲಿಯಾಫೆರೊ ಅವರ ಪಕ್ಷಕ್ಕೂ ಒಂದಿಷ್ಟು ನ್ಯಾಯ ಸಲ್ಲಬೇಕು. 1991ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಐವರಿ ಕೋಸ್ಟ್ ದೇಶದ ಪ್ರೌಢರ ಪ್ರತಿಕಾಯಗಳನ್ನು ಥಾಯ್ಲೆಂಡಿನ ಎಂಟು ಮಂದಿ ರೋಗಿಗಳಿಗೆ ಕೊಡಲಾಯಿತು. ರೋಗಾಣುಗಳು ಅಲ್ಲಿಯೂ ಇಳಿದುವು. ಆದರೆ ಆ ಪ್ರತಿಕಾಯಗಳು ಒಂಟಿಯಾಗಿ ಗಾಜಿನ ಪಾತ್ರೆಯಲ್ಲಿ ಹೆಚ್ಚೇನನ್ನೂ ಮಾಡಲಿಲ್ಲ. ರಕ್ತದ ಭಕ್ಷಕ ಕಣಗಳ ಜೊತೆಗೂಡಿದಾಗಲೇ ರೋಗಾಣುವಿನ ಬೆಳವಣಿಗೆ ಕುಂಠಿತವಾಯಿತೆಂದು ಪ್ಯಾರಿಸ್ಸಿನ ಡ್ರುಯಿಲ್ ಮತ್ತು ಅವರ ಸಹೋದ್ಯೋಗಿಗಳು ವಾದಿಸಿದರು. ಕಣವೋ ದ್ರವವೋ ಎಂಬ ಹಳೆಯ ಜಗಳವು ಎರಡೂ ಸೇರಿಯೇ ಎಂಬಲ್ಲಿಗೆ ಬಂದು ನಿಂತಂತೆ ಕಾಣುತ್ತದೆ.

1961ರ ಲೇಖನವನ್ನು ಓದಿದವರಿಗೆ ಮಲೇರಿಯಾದ ಲಸಿಕೆ ಕೈಗೆಟಕುವಷ್ಟು ದೂರದಲ್ಲಿದೆಯೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಪ್ರತಿಕಾಯಗಳು ಯಾವುದನ್ನು ಗುರುತಿಸುತ್ತವೆಂದು ಕಂಡುಹಿಡಿದು, ಅದನ್ನು ತಯಾರಿಸಿ, ಮಕ್ಕಳಿಗೆ ಕೊಟ್ಟರಾಯಿತು! ಆರು ದಶಕಗಳು ಕಳೆದ ಮೇಲೂ ಆ ‘ಯಾವುದು’ ಪೂರ್ಣವಾಗಿ ಗೊತ್ತಾಗಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದ ಆರ್.ಟಿ.ಎಸ್.,ಎಸ್. ಲಸಿಕೆಯೂ 2023ರಲ್ಲಿ ಶಿಫಾರಸಾದ ಆರ್21 ಲಸಿಕೆಯೂ ಹುಟ್ಟಿದುದು ಬೇರೆಯ ವಂಶದಲ್ಲಿ. 1967ರಲ್ಲಿ ನ್ಯೂಯಾರ್ಕಿನಲ್ಲಿ ರೂತ್ ನುಸ್ಸೆನ್‌ಜ್ವೈಗ್ ಅವರು ಎಕ್ಸ್-ಕಿರಣಗಳಿಂದ ದುರ್ಬಲಗೊಳಿಸಿದ ರೋಗಾಣುಗಳಿಂದ ಇಲಿಗಳಲ್ಲಿ ಕ್ಷಮತೆಯನ್ನು ಹುಟ್ಟಿಸಿದರು. ಆ ರೋಗಾಣುಗಳು ಸೊಳ್ಳೆಯ ಲಾಲಾಗ್ರಂಥಿಯಿಂದ ಬಂದವು, ರಕ್ತಕಣವನ್ನು ಇನ್ನೂ ಮುಟ್ಟದವು. ಗ್ಯಾಂಬಿಯಾದ ಪ್ರೌಢರ ರಕ್ತರಸವು ತೋರಿಸಿದ ಹಾದಿಯಿಂದ, ಎಂದರೆ ರಕ್ತದೊಳಗಿನ ರೂಪಗಳನ್ನು ತಡೆಯುವ ಹಾದಿಯಿಂದ, ಬಂದ ಲಸಿಕೆಗಳು ಪರೀಕ್ಷೆಯ ಹಂತವನ್ನು ದಾಟಬೇಕಾಗಿದೆ.

ಕಂಪಾಲದ ಪ್ರಶ್ನೆಯೂ ಅಳಿದಿಲ್ಲ. ಕೀನ್ಯದ ಕಿಲಿಫಿಯಲ್ಲಿ ಆರ್.ಟಿ.ಎಸ್.,ಎಸ್. ಲಸಿಕೆ ಪಡೆದ ಮಕ್ಕಳನ್ನು ಏಳು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರಕ್ಷಣೆಯು ವರ್ಷಗಳೊಡನೆ ಕ್ಷೀಣಿಸಿ, ಮಲೇರಿಯಾ ಹೆಚ್ಚಾಗಿರುವ ಕಡೆ ಐದನೆಯ ವರ್ಷದಲ್ಲಿ ಲಸಿಕೆ ಪಡೆದವರಿಗೇ ರೋಗ ಹೆಚ್ಚಾಗಿ ಬಂದಂತೆ ಕಂಡಿತು. ವಿಲ್ಸನ್ ಮತ್ತು ಅವರ ಸಂಗಡಿಗರು ಬದುಕಿದ್ದರೆ ಇದನ್ನು ನಾವು ಹೇಳಿದುದೇ ಎನ್ನುತ್ತಿದ್ದರೇನೋ. ಆದರೆ ಅವರ ಸಲಹೆಯಂತೆ ಸುಮ್ಮನಿದ್ದರೆ ಸಾಯುವ ಮಕ್ಕಳ ಲೆಕ್ಕ ಕೆನೆಬಾದ ಪುಸ್ತಕದಲ್ಲಿದೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾಹೇಲ್ ಪ್ರದೇಶದ ದೇಶಗಳಿಗೆ ಒಂದು ಸಲಹೆ ಮಾಡಿತು: ಮಳೆಗಾಲದ ತಿಂಗಳುಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆಲ್ಲ, ಜ್ವರ ಇರಲಿ ಬಿಡಲಿ, ತಿಂಗಳಿಗೊಮ್ಮೆ ಮಲೇರಿಯಾ ಔಷಧ ಕೊಡಬೇಕು. ಕ್ಲೋರೋಕ್ವಿನ್ ಆ ವೇಳೆಗೆ ತನ್ನ ಶಕ್ತಿಯನ್ನು ಕಳೆದುಕೊಂಡಿದ್ದುದರಿಂದ ಔಷಧಗಳು ಮಾತ್ರ ಬೇರೆ. ಇದನ್ನು ಕೈಗೊಂಡ ದೇಶಗಳಲ್ಲಿ ಗ್ಯಾಂಬಿಯಾವೂ ಒಂದು. ಕೆನೆಬಾದಲ್ಲಿ ಹಿಂದೆ ಒಂದು ಗುಂಪಿನ ಶಿಶುಗಳಿಗೆ ಮಾತ್ರ ಕೊಟ್ಟದ್ದನ್ನು ಈಗ ಹೋಲಿಕೆಯ ಗುಂಪಿಲ್ಲದೆ ಎಲ್ಲರಿಗೂ ಕೊಡಲಾಗುತ್ತಿದೆ.